ಟಿನ್ ಫ್ಯಾಕ್ಟರಿ ಹತ್ತಿರ ನಿಂತ ಮುಳ್ಳು

ಶನಿವಾರ ರಾತ್ರಿ ಎಂಟೂವರೆಗೆ ಕಿಚ್ಚು ಹೊತ್ತಿಸಿದೆವು
ಹೊರಮಾವಿನಲ್ಲಿ, ತಂಗಿ ಅರೋಗ್ಯಮೇರಿಯ ಖಾಲಿ ಸೈಟಿನಲ್ಲಿ.
ಎರಡು ಡೀಸೆಲ್ ಡ್ರಮ್ಮು. ಮೂರು ದಿನ ಬರೀ ಸೌದೆ ಸುಟ್ಟು
ಡೀಸೆಲ್ ವಾಸನೆ ಬಿಡಿಸಿ, ಹೊಟ್ಟೆ ಕೊಯ್ದು ಬಾಗಿಲಿಟ್ಟು
ನೆತ್ತಿಗೆ ಬೋರ್‌ವೆಲ್ ಪೈಪು ಬೆಸೆದದ್ದು ನಾನೇ.
ಬಿಸಿ ನೋಡಲು, ಗುಜರಿಗೆ ಹೋದ ಬಸ್ಸಿನಿಂದ ಕಿತ್ತ ಮೀಟರು:
ಅಂಕಿಯಿಲ್ಲ. ಎಡಕ್ಕೆ ಸಿ, ಬಲಕ್ಕೆ ಎಚ್ಚು,
ನಡುವೆ ಒಂದು ಮುಳ್ಳು.

ನನ್ನ ಡ್ರಮ್ಮಿನಲ್ಲಿ ಹಂದಿಯ ಮೂರು ಹೆಗಲು,
ಒಂದೊಂದೂ ಐದು ಕೆಜಿ, ಲಿಂಗರಾಜಪುರದ ದೇವಸಹಾಯ ತೂಗಿದ್ದು.
ಉಪ್ಪು, ಮೆಣಸು, ಹುರಿದು ಕುಟ್ಟಿದ ಕೊತ್ತಂಬರಿ ಬೀಜ.
ಇನ್ನೊಂದು ಗಫಾರನದು: ಕುರಿಯ ಎರಡು ತೊಡೆ,
ಎಮ್ಮೆಯ ಎದೆಯಿಂದ ಹಲಗೆಯಂಥದೊಂದು ತುಂಡು.
ಇಕ್ಕಳ, ಚಾಕು, ಬಕೆಟ್ಟು ಎಲ್ಲ ಅವನವೇ ಬೇರೆ.
ನಡುವೆ ಸುಣ್ಣದ ಗೆರೆಯೆಳೆದು
"ದಾಟಿದರೆ ಫೈನು" ಎಂದ.
ಆಮೇಲೆ ಬೆಳಗಿನವರೆಗೂ ನನ್ನ ಬೀಡಿಯನ್ನೇ ಸೇದಿದ.

ಮೊದಲಿಗೆ ಹೊಗೆ ಬೆಳ್ಳಗೆ, ದಪ್ಪಗೆ, ಕಣ್ಣಿಗೆ ಕಾರ.
ಆಗ ಮಾಂಸ ಇಡಬಾರದು, ಕಹಿ ಹಿಡಿಯುತ್ತದೆ.
ಸೀಬೆ ಸೌದೆ ಹದಕ್ಕೆ ಬಂದು
ಹೊಗೆ ತೆಳ್ಳಗೆ ನೀಲಿಯಾಗಬೇಕು.
ಡಿಪೋದಲ್ಲಿ ನೀಲಿ ಹೊಗೆ ಕಂಡರೆ
ರಿಂಗು ಹೋಗಿದೆಯೆಂದು ಎಂಜಿನ್ ಇಳಿಸುತ್ತಿದ್ದೆವು.
ಇಪ್ಪತ್ತೆಂಟು ವರ್ಷ ಬೈದ ಬಣ್ಣಕ್ಕಾಗಿ
ಆವತ್ತು ಬಾಯಿ ಮುಚ್ಚಿ ಕಾದೆವು.

ಇಷ್ಟು ರಗಳೆ ಯಾಕೆ, ಬಿರಿಯಾನಿ ಹೇಳಿದ್ದರೆ ಸಾಕಿತ್ತಲ್ಲ,
ಎಂದವರಿಗೆ ನಾವು ಉತ್ತರ ಕೊಡಲಿಲ್ಲ.
ರಿಟೈರಾದವನು ಅಂಜಿನಪ್ಪ.
ಬೀಡಿ ಮುಟ್ಟಿದವನಲ್ಲ, ಕಡ್ಡಿಪುಡಿ ಮಾತ್ರ.
ಎಡದವಡೆ ತೆಗೆದ ಮೇಲೆ ಬಾಯಿ ತೆರೆಯುವುದು ಎರಡೇ ಬೆರಳು.
ವರ್ಷವಾಯಿತು, ರಾಗಿ ಗಂಜಿ, ಸ್ಟೀಲ್ ಲೋಟ, ಸ್ಟ್ರಾ.
ಅವನಿಗೆ ಜಗಿಯುವ ಮಾಂಸ ಆಗದು,
ಮುಟ್ಟಿದರೆ ಎಳೆಯೆಳೆಯಾಗಿ ಬಿಚ್ಚಿಕೊಳ್ಳಬೇಕು.

ಮೂರು ಗಂಟೆಗೆ ಮುಳ್ಳು ನಿಂತುಬಿಟ್ಟಿತು.
ಮೂರೂವರೆ. ನಾಲ್ಕು. ನಾಲ್ಕೂಮುಕ್ಕಾಲು.
"ಟಿನ್ ಫ್ಯಾಕ್ಟರಿ ಹತ್ತಿರ ಸಿಕ್ಕಿಕೊಂಡಿದೆ" ಎಂದ ಗಫಾರ್.
ಒಳಗೆ ಹೆಗಲುಗಳು ಬೆವರುತ್ತಿದ್ದವು,
ಬೆವರಿದಷ್ಟೂ ತಣಿಯುತ್ತಿದ್ದವು.
ಇನ್ನೆರಡು ಕೊರಡು ತುರುಕಲು ಹೋದೆ,
ಗೆರೆ ದಾಟಿ ಬಂದು ಕೈ ಹಿಡಿದ:
"ಜಾಮಿನಲ್ಲಿ ಅಂಜಿನಪ್ಪ ಹಾರನ್ ಹೊಡೆದದ್ದು ಕಂಡಿದ್ದೀಯಾ ಇನ್ನಾಸಿ?
ನ್ಯೂಟ್ರಲ್ಲಿಗೆ ಹಾಕಿ, ಕೈ ಮಡಿಲಲ್ಲಿಟ್ಟು ಕೂರುತ್ತಿದ್ದ."
ಕೂತೆವು.
ಮೂರನೇ ಮಹಡಿಯಾಕೆ ಒಣಗಿದ ಸೀರೆ ಸರಸರ ಎಳೆದುಕೊಂಡು
ಕಿಟಕಿ ಬಡಿದಳು.
ಬೀದಿನಾಯಿ ಹನ್ನೊಂದು, ಪಾಸು ಮಾಡಿಸಲು ನಿಂತವರ ಹಾಗೆ ಸಾಲಾಗಿ.

ಗಫಾರ್ ಫಜರ್ ಮುಗಿಸಿ ಬರುವಷ್ಟರಲ್ಲಿ
ಮುಳ್ಳು ಕೂದಲೆಳೆಯಷ್ಟು ಅಲುಗಿತ್ತು.
ನಾನು ಭಾನುವಾರದ ಪೂಜೆ ತಪ್ಪಿಸಿದೆ. ಅದು ನನ್ನ ಲೆಕ್ಕಕ್ಕಿರಲಿ.

ಮಧ್ಯಾಹ್ನ ಶಾಮಿಯಾನದಡಿ ಎಪ್ಪತ್ತು ಜನ.
ನಿಜ ಹೇಳಬೇಕು, ಕುರಿ ತೊಡೆ ಒಂದು ಒಣಗಿತ್ತು.
ಬೇಗ ಬೆಂದದ್ದನ್ನು ಬೇಗ ತೆಗೆಯಲಿಲ್ಲ,
ಮಾತಿನಲ್ಲಿ ಮರೆತೆವು.
ಆದರೆ ಹೆಗಲಿನ ಮೂಳೆ ಹಿಡಿದೆಳೆದೆ:
ಡಿಪ್‌ಸ್ಟಿಕ್ಕಿನಂತೆ ಬಂತು, ಚೊಕ್ಕವಾಗಿ.

ಅಂಜಿನಪ್ಪ ಎರಡು ಡ್ರಮ್ಮಿನಿಂದಲೂ ಹಾಕಿಸಿಕೊಂಡ.
ಎಮ್ಮೆಯದೊಂದು ಎಳೆ, ಹಂದಿಯದೊಂದು ಎಳೆ,
ತುಟಿಯ ಸಂದಿಯಿಂದ ಒಳಗೆ ಸರಿಸಿದ.
ನೋಡಬಾರದೆಂದು ಎಲ್ಲರೂ ಮಜ್ಜಿಗೆ ಕುಡಿದೆವು.
ತುಂಬ ಹೊತ್ತು ಆ ದವಡೆ ಅಲ್ಲೇ ಇತ್ತು.
ಆಮೇಲೆ ಅಂಗೈಯಿಂದ ಮೇಜಿಗೆ ಎರಡು ಸಲ ಬಡಿದ,
ಫುಟ್‌ಬೋರ್ಡಿನಲ್ಲಿ ನಿಂತ ಕಂಡಕ್ಟರು
ಬಸ್ಸಿನ ಮೈಗೆ ಬಡಿಯುವ ಹಾಗೆ.
ರೈಟ್.
ತಟ್ಟೆಗೆ ಮತ್ತೆ ಹಾಕಿದೆವು.

ಸೋಮವಾರ ಮೊದಲ ಶಿಫ್ಟು, ಪಿಟ್ಟಿಗಿಳಿದೆ.
ಹೊಸ ಹುಡುಗ ಮೂಗರಳಿಸಿ, ಟಾರ್ಚು ಬಿಟ್ಟು, ಅತ್ತಿತ್ತ ನೋಡಿ
"ಎಲ್ಲೋ ವೈರು ಸುಡ್ತಿದೆ ಸಾರ್" ಎಂದ.
ಇಲ್ಲಪ್ಪ, ಅದು ನಾನು, ಎಂದೆ.